ಹಂದಿಸೊಪ್ಪಿನ ತಟ್ಟೆ

"ಇದು ಯಾವ ಹಂದಿಗೆ?" ಎಂದು ಕೇಳಿದಳು ಚಿಯೋ.

ಸೊಸೆ ಬೀಶಿಯಾ ಆಗಷ್ಟೇ ಅವಳ ಅನ್ನದ ಬಟ್ಟಲಿನ ಪಕ್ಕ ಒಂದು ಪುಟ್ಟ ತಟ್ಟೆ ಇಟ್ಟಿದ್ದಳು. ಬೇಯಿಸಿದ ಗೆಣಸಿನ ಸೊಪ್ಪು, ಮೇಲೆ ಜಜ್ಜಿದ ಬೆಳ್ಳುಳ್ಳಿ, ಒಂದಿಷ್ಟು ಸೋಯಾ ರಸ. ಮೇಜಿನ ನಡುವೆ ಎಂದಿನಂತೆ ಎಲೆಕೋಸಿನ ಪಲ್ಯ, ಹುರಿದ ಮೀನು, ಮೂಲಂಗಿಯ ಸಾರು.

"ಹಂದಿಗಲ್ಲ ಅತ್ತೆ, ನಿಮಗೇ," ಎಂದಳು ಬೀಶಿಯಾ. "ರಕ್ತ ಕಡಿಮೆ ಇದೆ, ಹಸಿರು ಸೊಪ್ಪು ತಿನ್ನಿ ಅಂತ ಡಾಕ್ಟ್ರು ಹೇಳಲಿಲ್ವಾ? ಕೋಸಿಗಿಂತ ಇದರಲ್ಲಿ ಕಬ್ಬಿಣದಂಶ ಎರಡು ಮೂರು ಪಟ್ಟು ಜಾಸ್ತಿ. ಸುಣ್ಣದಂಶನೂ ಜಾಸ್ತಿ. ಕಣ್ಣಿಗಂತೂ ಕೋಸು ಇದರ ಹತ್ರಕ್ಕೂ ಬರಲ್ಲ."

"ನನ್ನ ಕಣ್ಣು ಚೆನ್ನಾಗೇ ಇದೆ. ತಟ್ಟೇಲಿ ಏನಿದೆ ಅಂತ ಕಾಣ್ತಾ ಇದೆಯಲ್ಲ."

ಚಿಯೋ ಊಟದ ಕಡ್ಡಿಗಳನ್ನು ಕೋಸಿನ ಕಡೆಗೆ ಚಾಚಿದಳು. ಬೀಶಿಯಾ ನಗುತ್ತಲೇ ಕೋಸಿನ ತಟ್ಟೆಯನ್ನು ಗಂಡ, ಮಗಳ ಕಡೆಗೆ ಸರಿಸಿದಳು.

"ಕೋಸಲ್ಲೇ ಹೊಟ್ಟೆ ತುಂಬಿಸಿಕೊಂಡ್ರೆ ಸೊಪ್ಪು ತಿನ್ನೋರ್ಯಾರು? ಮೊದಲು ಅದು ಮುಗೀಲಿ ಅತ್ತೆ."

ಮಗ ಕುನ್ ಬಾಯಿತುಂಬ ಅನ್ನ ಇಟ್ಟುಕೊಂಡೇ ನಕ್ಕ. ಅವನು ನಮ್ಮ ಸಿಲೋ ಪೇಟೆಯ ತರಕಾರಿ ಮಂಡಿಯಲ್ಲಿ ಕೋಸಿನ ದಲ್ಲಾಳಿ. "ಸ್ವಲ್ಪ ಮೆತ್ತಗೆ ಮಾತಾಡು ಮಾರಾಯ್ತಿ. ಕೋಸು ಮಾರೋನ ಹೆಂಡತಿನೇ ಕೋಸನ್ನ ಬೈತಾಳೆ ಅಂತ ಮಂಡೀಲಿ ಗೊತ್ತಾದ್ರೆ ನನ್ನ ಗತಿ ಏನು?"

ಚಿಯೋ ಎಂದರೆ ನಮ್ಮಲ್ಲಿ ನಗು ಎಂದರ್ಥ. ಹೆಸರಿಟ್ಟವರು ಯಾವ ಗಳಿಗೆಯಲ್ಲಿ ಇಟ್ಟರೋ, ಆಕೆ ನಗುವುದನ್ನು ಕಂಡವರು ಓಣಿಯಲ್ಲಿ ಕಡಿಮೆ. ಅವತ್ತೂ ನಗಲಿಲ್ಲ. ಅನ್ನಕ್ಕೆ ಒಂದಿಷ್ಟು ಉಪ್ಪಿನ ಮೂಲಂಗಿ ಹಾಕಿಕೊಂಡು ತಿಂದು, ಸೊಪ್ಪಿನ ತಟ್ಟೆ ಇದ್ದಲ್ಲೇ ಬಿಟ್ಟು ಎದ್ದಳು.

ಗೆಣಸಿನ ಸೊಪ್ಪಿಗೆ ನಮ್ಮ ಹಳಬರು ಗೆಣಸಿನ ಸೊಪ್ಪು ಎನ್ನುತ್ತಲೇ ಇರಲಿಲ್ಲ. ಹಂದಿಸೊಪ್ಪು ಎನ್ನುತ್ತಿದ್ದರು. ಹೊಲದಿಂದ ಹೊರೆಗಟ್ಟಲೆ ತಂದು, ಕೊಚ್ಚಿ, ತೌಡು ಬೆರೆಸಿ, ಹಂಡೆಯಲ್ಲಿ ಬೇಯಿಸಿ ಹಂದಿಗಳಿಗೆ ಹಾಕುವ ಸೊಪ್ಪು ಅದು. ಈಗ ಕಾಲ ತಿರುಗಿದೆ. ಟೀವಿಯಲ್ಲಿ ಬಿಳಿ ಕೋಟು ತೊಟ್ಟವರು ಬಂದು ಅದನ್ನೇ ಹೊಗಳುತ್ತಾರೆ, ರಾಜಧಾನಿ ತೈಪೆಯ ಹೋಟೆಲುಗಳಲ್ಲಿ ಚಿಕ್ಕ ತಟ್ಟೆಗೆ ದೊಡ್ಡ ಬೆಲೆ ಇಡುತ್ತಾರೆ. ಬೀಶಿಯಾ ಕೀಲುಂಗ್ ಬಂದರಿನವಳು, ಮೀನು ತಿಂದು ಬೆಳೆದವಳು. ಅವಳಿಗೆ ಹಂದಿಸೊಪ್ಪು ಎಂಬ ಮಾತು ತಮಾಷೆಯಾಗಿ ಮಾತ್ರ ಕೇಳುತ್ತಿತ್ತು. ಊರಿನ ಶಾಲೆಯಲ್ಲಿ ಮಕ್ಕಳ ಮಧ್ಯಾಹ್ನದ ಊಟ ಗೊತ್ತುಮಾಡುವ ಕೆಲಸ ಅವಳದು. ಯಾವ ಕಾಳಿನಲ್ಲಿ ಏನಿದೆ, ಯಾವ ಸೊಪ್ಪಿನಲ್ಲಿ ಎಷ್ಟಿದೆ ಎಂಬುದು ನಾಲಿಗೆಯ ತುದಿಯಲ್ಲಿತ್ತು. ಕೆಟ್ಟವಳಲ್ಲ. ತಿನ್ನುವವರ ಬಾಯಿಯ ಮೇಲೆ ಎಷ್ಟು ಗಮನವೋ ಮುಖದ ಮೇಲೆ ಅಷ್ಟಿರಲಿಲ್ಲ, ಅಷ್ಟೇ.

ಮಾರನೆಯ ದಿನವೂ ತಟ್ಟೆ ಬಂತು. ಅದರ ಮಾರನೆಯ ದಿನವೂ ಬಂತು. ಎಳ್ಳೆಣ್ಣೆ ಹಾಕಿ, ಶುಂಠಿ ಹಾಕಿ, ಒಣಸೀಗಡಿ ಉದುರಿಸಿ ಬೀಶಿಯಾ ಬಗೆಬಗೆಯಾಗಿ ಮಾಡಿದಳು. ಅತ್ತೆಗೆಂದೇ ಬೇರೆ ತಟ್ಟೆ, ಅತ್ತೆಗೆಂದೇ ಎಳೆ ಚಿಗುರು. ಇಷ್ಟು ಉಪಚಾರ ಯಾವ ಸೊಸೆ ಮಾಡುತ್ತಾಳೆ ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಚಿಯೋ ಒಂದು ಎಲೆ ಮುಟ್ಟಲಿಲ್ಲ. ಮನೆಯಲ್ಲಿ ಯಾರಿಗೂ ನೆಮ್ಮದಿಯಾಗಿ ಉಣ್ಣಲು ಆಗದಂತಾಯಿತು. ಕುನ್ ಬೇಗ ಬೇಗ ತಿಂದು ಮೋಟರ್ ಸೈಕಲ್ ಹತ್ತಿ ಹೋಗಿಬಿಡುತ್ತಿದ್ದ.

ಮೊಮ್ಮಗಳು ಯಿಫಾಂಗ್ ಆರನೇ ತರಗತಿ. ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಹತ್ತಿರ ಬಂದಿತ್ತು. ಮನೆಯಲ್ಲಿ ದಿನಾ ನಡೆಯುವ ಜಗಳವನ್ನೇ ಅವಳು ವಿಷಯ ಮಾಡಿಕೊಂಡಳು: ಕೋಸು ಹೆಚ್ಚೋ, ಗೆಣಸಿನ ಸೊಪ್ಪು ಹೆಚ್ಚೋ. ಅಮ್ಮನ ಪುಸ್ತಕ ನೋಡಿ ದೊಡ್ಡ ರಟ್ಟಿನ ಮೇಲೆ ಪಟ್ಟಿಯ ಚೌಕಗಳನ್ನು ಗೀಚಿದಳು.

"ಕಬ್ಬಿಣ, ಸೊಪ್ಪು ಗೆದ್ದಿತು. ಸುಣ್ಣ, ಸೊಪ್ಪು ಗೆದ್ದಿತು. ನಾರು, ಸೊಪ್ಪು. ವಿಟಮಿನ್ ಎ, ಸೊಪ್ಪು, ಕೋಸಿಗೆ ಹೆಚ್ಚುಕಡಿಮೆ ಸೊನ್ನೆ," ಎಂದು ಊಟದ ಮೇಜಿನಲ್ಲಿ ಓದಿದಳು. "ವಿಟಮಿನ್ ಸಿ, ಕೋಸು ಗೆದ್ದಿತು."

"ನೋಡಿದ್ಯಾ," ಎಂದು ಕುನ್ ಮೇಜು ತಟ್ಟಿದ. "ಇದನ್ನ ಇಷ್ಟು ದಿನ ನಿಮ್ಮಮ್ಮ ಮುಚ್ಚಿಟ್ಟಿದ್ಲು."

"ಯಾರು ಮುಚ್ಚಿಟ್ರು?" ಎಂದಳು ಬೀಶಿಯಾ. "ನಾಲ್ಕರಲ್ಲಿ ಸೋತು ಒಂದರಲ್ಲಿ ಗೆದ್ದೋನ್ನ ಗೆದ್ದೋನು ಅಂತಾರಾ?"

ಆ ವಾರವೇ ಕಿಮ್ ಅತ್ತೆ ಊಟಕ್ಕೆ ಬಂದಳು. ಅವಳು ಚಿಯೋಳ ತೀರಿಕೊಂಡ ಗಂಡನ ತಂಗಿ, ಇದೇ ಮನೆಯಲ್ಲಿ ಹುಟ್ಟಿದವಳು. ಕೂದಲಿಗೆ ಬಣ್ಣ, ತುಟಿಗೂ ಬಣ್ಣ. ಚಿಯೋಳ ಮುಂದಿದ್ದ ತಟ್ಟೆ ನೋಡಿ ಒಮ್ಮೆಲೇ ನಕ್ಕಳು.

"ಅಯ್ಯೋ ಅತ್ತಿಗೆ, ನಿನ್ನ ಹಳೇ ಗೆಳತಿ ವಾಪಸ್ ಬಂದುಬಿಟ್ಟಿದ್ದಾಳಲ್ಲ."

ಚಿಯೋ ಕಡ್ಡಿಗಳನ್ನು ಬಟ್ಟಲಿನ ಮೇಲಿಟ್ಟು ಹಿತ್ತಲಿಗೆ ಹೋದಳು. ಕಿಮ್ ಏನೂ ಆಗದವಳಂತೆ ಕೋಸು ಬಡಿಸಿಕೊಂಡಳು.

"ಕಿಮ್ ಅಜ್ಜಿ ಯಾಕೆ ಹಾಗಂದ್ರು?" ಎಂದು ಸಂಜೆ ಯಿಫಾಂಗ್ ಕೇಳಿದಳು. ಅಜ್ಜಿ ಮೊಮ್ಮಗಳು ಹಿತ್ತಲಿನ ಮಾಡಿನ ಕೆಳಗೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಅವಳಿಗೆ ಬಾಯಿ ಸುಮ್ನಿರಲ್ಲ."

"ಹೇಳಿ ಅಜ್ಜಿ. ನೀವೂ ಚಿಕ್ಕವರಿದ್ದಾಗ ಅದನ್ನೇ ತಿಂತಿದ್ರಾ?"

ಚಿಯೋ ಯಾರಿಗೂ ಹೇಳದಿದ್ದುದನ್ನು ಈ ಹುಡುಗಿಗೆ ಯಾಕೆ ಹೇಳಿದಳೋ. ಬಹುಶಃ ಹುಡುಗಿ ಕೈಯಲ್ಲಿ ಬೆಳ್ಳುಳ್ಳಿ ಹಿಡಿದು, ತಲೆ ಬಗ್ಗಿಸಿಕೊಂಡು ಕೇಳಿದ್ದಕ್ಕೆ ಇರಬೇಕು. ಚಿಯೋ ಈ ಮನೆಯ ಸಾಕುಸೊಸೆ. ಮುಂದೆ ನಮ್ಮ ಹುಡುಗನಿಗೆ ಹೆಂಡತಿಯಾಗಲಿ, ಅಲ್ಲಿಯವರೆಗೆ ಕೆಲಸಕ್ಕಾಗಲಿ ಎಂದು ಹಾಲು ಬಿಟ್ಟ ಕೂಸನ್ನೇ ಮನೆಗೆ ತಂದುಕೊಳ್ಳುವ ಪದ್ಧತಿ ಆಗ ಇತ್ತು. ಹಂದಿಗಳ ಕೆಲಸ ಅವಳ ಪಾಲಿಗೆ ಬಂದಿತ್ತು.

"ತೌಡು ಹಾಕೋ ಮೊದಲು ಹಂಡೆಯಿಂದ ನನ್ನ ಬಟ್ಟಲಿಗೆ ಒಂದು ಸೌಟು ತೆಗೀತಿದ್ರು. ಕೋಸು ಮೇಜಿನ ಮೇಲೆ ಇರೋದು. ಕಿಮ್‌ಗೆ, ನಿಮ್ಮ ತಾತಂಗೆ. ಮನೆಯವರಿಗೆ."

"ನೀವು?"

"ನಾನು ಹಂಡೆ ಹತ್ರ ನಿಂತ್ಕೊಂಡು ತಿಂತಿದ್ದೆ. ಸಾಕು, ಸಿಪ್ಪೆ ಬಾಚು."

ಯಿಫಾಂಗ್ ಆ ಮಾತನ್ನು ಎತ್ತಿಕೊಂಡು ಹೋಗಿ ರಟ್ಟಿನ ಮೇಲೆ ಅಂದವಾಗಿ ಬರೆದಳು: 'ನನ್ನ ಅಜ್ಜಿ ಚಿಕ್ಕವರಿದ್ದಾಗ ದಿನಾ ಹಂದಿಗಳ ಹಂಡೆಯಿಂದ ಗೆಣಸಿನ ಸೊಪ್ಪು ತಿನ್ನುತ್ತಿದ್ದರು. ಮನೆಯ ಬೇರೆ ಮಕ್ಕಳು ಕೋಸು ತಿನ್ನುತ್ತಿದ್ದರು. ಹೋಲಿಸಿ ನೋಡಿದರೆ ಅಜ್ಜಿಗೇ ಹೆಚ್ಚು ಪೋಷಣೆ ಸಿಕ್ಕಿದೆ.' ಬೀಶಿಯಾ ಅದನ್ನು ಓದಿದಳು. ಅತ್ತೆಯನ್ನು ಹೊಗಳಿದ ಹಾಗಿದೆ ಎಂದುಕೊಂಡಳು. ಒಂದು ಕಾಗುಣಿತದ ತಪ್ಪು ತಿದ್ದಿ ಕೊಟ್ಟಳು.

ಪ್ರದರ್ಶನಕ್ಕೆ ಊರಿಗೆ ಊರೇ ಬಂತು. ನಮ್ಮೂರಲ್ಲಿ ಮಕ್ಕಳ ರಟ್ಟನ್ನು ಓದುವುದು ಎಂದರೆ ಪಕ್ಕದ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗೆ, ಯಾರೂ ಬಿಡುವುದಿಲ್ಲ. ಚಿಯೋ ಹೋಗಿರಲಿಲ್ಲ. ಅವಳು ತಲೆ ತೊಳೆಸಿಕೊಳ್ಳಲು ಬ್ಯೂಟಿ ಪಾರ್ಲರ್‌ಗೆ ಹೋಗಿದ್ದಾಗ ಅಲ್ಲಿನವಳು ನೊರೆ ಉಜ್ಜುತ್ತಾ ಕೇಳಿದಳು.

"ನಿಮ್ಮ ಚರ್ಮ ಇಷ್ಟು ಚೆನ್ನಾಗಿರೋದಕ್ಕೆ ಹಂದಿ ಹಂಡೇನೇ ಕಾರಣವಂತೆ ಹೌದಾ ಅಕ್ಕ? ನಿಮ್ಮ ಮೊಮ್ಮಗಳು ಬರೆದಿದ್ದಾಳಂತೆ. ಹಾಗಾದ್ರೆ ನೀವು ಸಾಕುಸೊಸೆ, ನಮಗೆ ಗೊತ್ತೇ ಇರಲಿಲ್ಲ ನೋಡಿ."

ಗೊತ್ತಿದ್ದ ಹಳಬರೆಲ್ಲ ಸತ್ತುಹೋಗಿದ್ದರು. ಉಳಿದವರಿಗೆ ಚಿಯೋ ಎಂದರೆ ಲಿಯಾವ್ ಮನೆತನದ ಯಜಮಾನಿ, ಹಬ್ಬಕ್ಕೆ ಹಿರಿಯರಿಗೆ ಎಡೆ ಇಡುವವಳು. ಆ ಮರ್ಯಾದೆ ಕಟ್ಟಿಕೊಳ್ಳಲು ಅವಳಿಗೆ ಒಂದು ಆಯುಷ್ಯ ಹಿಡಿದಿತ್ತು. ತಲೆಯ ನೊರೆ ಪೂರ್ತಿ ತೊಳೆಸಿಕೊಳ್ಳದೆ ಟವೆಲ್ ಸುತ್ತಿಕೊಂಡು ಅವಳು ಬೀದಿಯಲ್ಲಿ ನಡೆದು ಮನೆಗೆ ಬಂದಳು. ಬಂದವಳು ಮತ್ತೆ ಹೊರಗೆ ಹೋಗಿ ಪಾತ್ರೆ ಅಂಗಡಿಯವನ ಕೈಯಲ್ಲಿ ಒಂದು ಗ್ಯಾಸ್ ಒಲೆ ಹೊರಿಸಿಕೊಂಡು ಬಂದು ಹಿತ್ತಲಿನ ಮಾಡಿನ ಕೆಳಗೆ ಹೂಡಿದಳು.

ಕುನ್ ಮಂಡಿಯಿಂದ ಬಂದಾಗ ಅದರ ಮೇಲೆ ಅನ್ನ ಕುದಿಯುತ್ತಿತ್ತು.

"ಇದೇನಮ್ಮ?"

"ಒಲೆ."

"ಒಳಗೆ ಇದೆಯಲ್ಲ ಒಲೆ."

"ಅದು ನಿನ್ನ ಹೆಂಡತೀದು. ಇದು ನಂದು."

ಕುನ್ ಬಾಗಿಲ ಚೌಕಟ್ಟು ಹಿಡಿದು ನಿಂತ. ಒಲೆ ಬೇರೆ ಮಾಡುವುದು ಆಸ್ತಿ ಹಂಚಿಕೊಂಡ ಅಣ್ಣತಮ್ಮಂದಿರ ಕೆಲಸ. ಒಬ್ಬನೇ ಮಗನಿರುವ ಮನೆಯಲ್ಲಿ ತಾಯಿ ಒಲೆ ಬೇರೆ ಮಾಡಿದಳೆಂದರೆ, ಮಗ ಹೆತ್ತವಳಿಗೆ ಅನ್ನ ಹಾಕಲಿಲ್ಲ ಎಂದು ಊರು ಆಡಿಕೊಳ್ಳುತ್ತದೆ. ಮೇಲಾಗಿ ವರ್ಷದ ಕೊನೆಯ ದಿನ ಹತ್ತಿರ ಬರುತ್ತಿತ್ತು. ಆ ದಿನದ ಊಟಕ್ಕೆ ನಮ್ಮಲ್ಲಿ ಒಲೆ ಸುತ್ತಿನ ಊಟ ಎಂದೇ ಹೆಸರು. ಅದು ಎರಡು ಒಲೆಯಲ್ಲಿ ಬೆಂದರೆ ಆಮೇಲೆ ಆ ಮನೆ ಎರಡೇ, ಯಾರೂ ಮತ್ತೆ ಒಂದು ಮಾಡಲು ಬರುವುದಿಲ್ಲ. ಹಿರಿಯರ ಎಡೆ ಯಾವ ಒಲೆಯದು ಎಂಬುದೂ ಜಗಳವೇ.

ಅಂದಿನಿಂದ ಆ ಮನೆಯಲ್ಲಿ ಬಾಗಿಲುಗಳು ಸುಮ್ಮನೆ ಮುಚ್ಚಲಿಲ್ಲ. ಮಂಡಿಯಲ್ಲಿ ಕೋಸಿನ ಬುಟ್ಟಿಗಳ ನಡುವೆ ಜನ ಕುನ್‌ನನ್ನು ತಡೆದು ಕೇಳತೊಡಗಿದರು. "ಏನಪ್ಪ, ಅಮ್ಮ ಬೇರೆ ಅಡುಗೆ ಮಾಡ್ಕೋತಿದ್ದಾರಂತೆ?" ಅವನು ಅಲ್ಲಿ ನಕ್ಕು, ಮನೆಗೆ ಬಂದು ಹೆಂಡತಿಯ ಮೇಲೆ ಹಾರಾಡಿದ.

"ಕೋಸು ತಿಂದು ಯಾರು ಸತ್ತಿದ್ರು ಇಲ್ಲಿ? ಹೇಳು."

"ಅವರ ರಕ್ತ ನೋಡಿ ನಾನು ಮಾಡಿದ್ದು," ಎಂದಳು ಬೀಶಿಯಾ. "ಅವರು ಈ ಮನೆಗೆ ಹೇಗೆ ಬಂದ್ರು ಅಂತ ನನಗೆ ಯಾರು ಹೇಳಿದ್ರು? ಮದುವೆಯಾಗಿ ಇಷ್ಟು ವರ್ಷ ಆಯ್ತು. ನೀವು ಹೇಳಿದ್ರಾ?"

"ನನಗೂ ಅಷ್ಟೆಲ್ಲ ಗೊತ್ತಿರಲಿಲ್ಲ."

"ಮತ್ತೆ ನನ್ನ ಮೇಲೆ ಯಾಕೆ ಕೂಗ್ತೀರಿ?"

ಯಿಫಾಂಗ್ ಮಾರನೆಯ ದಿನ ಶಾಲೆಗೆ ಹೋಗಿ ಆ ಮೂರು ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿ ಬಂದಳು. ಅದರಿಂದ ಇನ್ನೂ ಕೆಟ್ಟಿತು. ಮೊದಲು ಓದದವರೂ ಕಾಗದದ ಕೆಳಗೆ ಏನಿದೆ ಎಂದು ಕೇಳಿ ತಿಳಿದುಕೊಂಡರು. ಹುಡುಗಿ ಅಳುತ್ತಾ ಹಿತ್ತಲಿಗೆ ಹೋದಳು. ಚಿಯೋ ಅವಳನ್ನು ಬೈಯಲಿಲ್ಲ. ಒಂದು ಬಟ್ಟಲು ಅನ್ನ, ಮೇಲೆ ಕೋಸು ಹಾಕಿ ಕೊಟ್ಟಳು. ಆಮೇಲೆ ಯಿಫಾಂಗ್ ಒಳಗೊಂದು ಊಟ, ಹಿತ್ತಲಲ್ಲೊಂದು ಊಟ ಮಾಡತೊಡಗಿದಳು. ಎರಡು ಕಡೆಯೂ ಹಸಿವಿಲ್ಲ ಎನ್ನುವ ಧೈರ್ಯ ಅವಳಿಗಿರಲಿಲ್ಲ.

ಬೀಶಿಯಾ ಮಗಳ ಕೈಯಲ್ಲಿ ಕೋಸಿನ ಪಲ್ಯ ಕಳಿಸಿದಳು. ತಟ್ಟೆ ಹಾಗೇ ವಾಪಸ್ ಬಂತು.

"ಉಳಿದದ್ದು ಕಳಿಸೋಕೆ ಶುರುಮಾಡಿದ್ಲಾ ಅಂತ ಕೇಳಿದ್ರು," ಎಂದಳು ಯಿಫಾಂಗ್, ಅಮ್ಮನ ಮುಖ ನೋಡದೆ.

ಹೊಸ ವರ್ಷದ ಹಬ್ಬಕ್ಕೆ ಸ್ವಲ್ಪ ದಿನವಿರುವಾಗ ಚಿಯೋ ಹಿತ್ತಲಲ್ಲಿ ಕುಸಿದು ಕೂತಳು. ನೀರಿನ ಪಾತ್ರೆ ಎತ್ತಿದವಳಿಗೆ ಕಣ್ಣು ಕತ್ತಲಿಟ್ಟಿತ್ತು. ಯಿಫಾಂಗ್ ಓಡಿಹೋಗಿ ಅಮ್ಮನನ್ನು ಕರೆತಂದಳು. ಬೀಶಿಯಾ ಅಡುಗೆಮನೆಯ ಏಪ್ರನ್ ಬಿಚ್ಚದೆ ಬಂದು ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಸಕ್ಕರೆ ನೀರು ಕುಡಿಸಿದಳು. ಮುಖಕ್ಕೆ ಬಣ್ಣ ಬಂದ ಮೇಲೆ ಇಷ್ಟು ದಿನದ ಸಿಟ್ಟು ಹೊರಗೆ ಬಂತು.

"ಅನ್ನ, ಉಪ್ಪಿನ ಮೂಲಂಗಿ, ಅನ್ನ, ಉಪ್ಪಿನ ಮೂಲಂಗಿ. ಸಾಯ್ಬೇಕು ಅಂತಿದ್ದೀರಾ ಅತ್ತೆ? ನಾನೇನು ತಪ್ಪು ಮಾಡ್ದೆ? ಮಗು ಬರೆದಿದ್ದು ತಪ್ಪು, ನಾನು ಓದಿಯೂ ಹಾಗೇ ಬಿಟ್ಟಿದ್ದು ತಪ್ಪು, ಒಪ್ಪಿದೆ. ಅದಕ್ಕೆ ಎಷ್ಟು ಸಲ ಬೇಕಾದ್ರೂ ಕಾಲು ಹಿಡೀತೀನಿ. ಆದ್ರೆ ಅದಕ್ಕೂ ಮೊದಲೇ ನೀವು ತಟ್ಟೆ ಮುಟ್ತಿರಲಿಲ್ಲ. ಸೊಪ್ಪು ಮಾಡಿದ್ದು ತಪ್ಪಾ?"

ಚಿಯೋ ಎದ್ದು ಕೂತು ಅಂಗಿಯ ಅಂಚನ್ನು ಎಳೆದುಕೊಂಡಳು.

"ಸೊಪ್ಪಿನ ಮಾತು ಯಾರು ಆಡಿದ್ರು?"

"ಮತ್ತೇನು?"

"ನಿಮ್ಮ ಮೂರು ಜನಕ್ಕೂ ಕೋಸು. ನನಗೊಬ್ಬಳಿಗೆ ಹಂದಿಸೊಪ್ಪು. ನಾನು ಕೋಸಿಗೆ ಕೈ ಚಾಚಿದ್ರೆ ನೀನು ತಟ್ಟೆ ಸರಿಸ್ದೆ."

"ನಿಮಗೆ ಒಳ್ಳೇದು ಅಂತ ಅತ್ತೆ."

"ಆಗಲೂ ಹಾಗೇ ಹೇಳ್ತಿದ್ರು," ಎಂದಳು ಚಿಯೋ. "ಕೆಲಸ ಮಾಡೋ ಮೈ, ನಿನಗೆ ಇದೇ ಒಳ್ಳೇದು, ತಿನ್ನು ಅಂತಿದ್ರು."

ಯಾವ ಪುಸ್ತಕದ ಯಾವ ಚೌಕದಲ್ಲೂ ಬರೆಯದ ಒಂದು ವಿಷಯ ಇದು, ಬೀಶಿಯಾ ಅದನ್ನು ಎಲ್ಲೂ ಕಲಿತಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಅತ್ತೆಯನ್ನು ಹಿಡಿದು ಒಳಗೆ ಕರೆದೊಯ್ದು ಮಲಗಿಸಿ, ಔಷಧಿ ಅಂಗಡಿಯಿಂದ ಡಾಕ್ಟರು ಮೊದಲೇ ಬರೆದಿದ್ದ ಕಬ್ಬಿಣದ ಮಾತ್ರೆ ತಂದು ತಲೆದೆಸೆಯಲ್ಲಿಟ್ಟಳು. ಚಿಯೋ ಮಾತ್ರೆ ನುಂಗಿದಳು. ಒಲೆಯನ್ನು ಮಾತ್ರ ಹಿತ್ತಲಿನಿಂದ ತೆಗೆಯಲಿಲ್ಲ.

ವರ್ಷದ ಕೊನೆಯ ದಿನ ಬಂತು. ಮಧ್ಯಾಹ್ನ ದಾಟುತ್ತಿದ್ದಂತೆ ಓಣಿಯ ಎಲ್ಲ ಮನೆಗಳಿಂದ ಎಣ್ಣೆಯ ವಾಸನೆ ಏಳತೊಡಗಿತು. ಕುನ್ ಒಳಕ್ಕೂ ಹೊರಕ್ಕೂ ಅಲೆಯುತ್ತಿದ್ದ. ಒಳಗಿನ ಒಲೆ ಹತ್ತಿರಲಿಲ್ಲ. ಹಿತ್ತಲಿನದೂ ಹತ್ತಿರಲಿಲ್ಲ. ಯಾರು ಮೊದಲು ಹಚ್ಚುತ್ತಾರೆ ಎಂದು ಎರಡು ಒಲೆಗಳೂ ಕಾದಂತಿತ್ತು.

ಬೀಶಿಯಾ ಮೀನು, ಕೋಳಿ, ಕೋಸು ಎಲ್ಲವನ್ನೂ ಬುಟ್ಟಿಗೆ ತುಂಬಿಕೊಂಡು ಹಿತ್ತಲಿಗೆ ಬಂದಳು.

"ಅತ್ತೆ, ಒಳಗೆ ಗ್ಯಾಸ್ ಮುಗಿದುಹೋಯ್ತು."

ಚಿಯೋ ಕಣ್ಣೆತ್ತಿ ನೋಡಿದಳು. "ಬೆಳಿಗ್ಗೆ ತಾನೇ ಸಿಲಿಂಡರ್‌ನವನು ಬಂದಿದ್ದ."

"ಹೌದು, ಬಂದಿದ್ದ."

"ಹೊಸ ಸಿಲಿಂಡರ್ ಹಾಕಿದ್ದ."

"ಹಾಕಿದ್ದ. ಮುಗಿದುಹೋಯ್ತು."

ಪಕ್ಕದ ಮನೆಯಲ್ಲಿ ಯಾರೋ ಬಾಣಲೆಗೆ ಮೀನು ಬಿಟ್ಟ ಸದ್ದು ಕೇಳಿತು.

"ಈಗಿನ ಸಿಲಿಂಡರ್‌ಗಳೇ ಹಾಗೆ," ಎಂದಳು ಚಿಯೋ ಕೊನೆಗೆ. "ಕೋಳಿ ಮೊದಲು ಇಡು. ಬೇಯೋಕೆ ಹೊತ್ತಾಗ್ತದೆ."

ಬುಟ್ಟಿಯ ತಳದಲ್ಲಿ ಒಂದು ಕಟ್ಟು ಗೆಣಸಿನ ಸೊಪ್ಪು ಇತ್ತು. ಚಿಯೋ ಅದನ್ನು ಬೆರಳಿನಿಂದ ಎತ್ತಿ ಹಿಡಿದಳು.

"ಇದು?"

"ಅದು ನನಗೆ," ಎಂದಳು ಬೀಶಿಯಾ. "ನೀವ್ಯಾರೂ ತಿನ್ನೋದು ಬೇಡ."

ಅತ್ತೆ ಕುದಿಸಿದಳು, ಸೊಸೆ ಹೆಚ್ಚಿದಳು. ಉಪ್ಪು ಎಷ್ಟು, ಶುಂಠಿ ಎಷ್ಟು ಎಂದು ನಡುನಡುವೆ ಕಿತ್ತಾಡಿದರು. ಕುನ್ ಹಿರಿಯರಿಗೆ ಎಡೆ ಇಟ್ಟು ಊದುಬತ್ತಿ ಹಚ್ಚಿ ಬಂದು, ಮಡಚುವ ದುಂಡು ಮೇಜನ್ನು ಒಳಗಿನಿಂದ ಉರುಳಿಸಿಕೊಂಡು ಹಿತ್ತಲಿಗೆ ತಂದ. ಮಾಡಿನ ಕೆಳಗೆ ಜಾಗ ಸಾಲದೆ ಒಂದು ಕಾಲು ಚರಂಡಿಯ ಕಲ್ಲಿನ ಮೇಲೆ ನಿಂತಿತು. ಯಿಫಾಂಗ್ ಸ್ಟೂಲುಗಳನ್ನು ತಂದಳು.

"ಇಲ್ಲಿ ಚಳಿ," ಎಂದ ಕುನ್.

"ಒಲೆ ಹತ್ರ ಕೂತ್ಕೊ," ಎಂದಳು ತಾಯಿ.

ಕೋಸಿನ ಪಲ್ಯವನ್ನು ಬೀಶಿಯಾ ಅತ್ತೆಯ ಮುಂದೆಯೇ ಇಟ್ಟಳು. ಚಿಯೋ ಬಡಿಸಿಕೊಂಡಳು, ಮತ್ತೊಮ್ಮೆ ಬಡಿಸಿಕೊಂಡಳು, ಯಾರೂ ತಟ್ಟೆ ಸರಿಸಲಿಲ್ಲ. ಗಬಗಬ ತಿಂದಳು. ಕುನ್ ಮಂಡಿಯ ಸುದ್ದಿ ಹೇಳಿದ. ಈ ಸಲ ಕೋಸು ಸಿಹಿಯಾಗಿದೆ ಎಂದು ತಾನೇ ಬೆಳೆದವನಂತೆ ಬೀಗಿದ. ಯಿಫಾಂಗ್ ಕೋಳಿಯ ಕಾಲಿಗೆ ಬಾಯಿ ಹಾಕಿದಳು.

ಬೀಶಿಯಾ ಮೇಜಿನ ಅಂಚಿನಲ್ಲಿ ತನ್ನ ಬಟ್ಟಲಿನ ಪಕ್ಕ ಸೊಪ್ಪಿನ ಪುಟ್ಟ ತಟ್ಟೆ ಇಟ್ಟುಕೊಂಡಿದ್ದಳು. ಯಾರಿಗೂ ಬೇಕೇ ಎಂದು ಕೇಳಲಿಲ್ಲ. ಯಾರ ಕಣ್ಣಿಗೂ ಬೀಳದಿರಲಿ ಎಂಬಂತೆ ತಲೆ ತಗ್ಗಿಸಿ, ಒಂದೊಂದೇ ಎಲೆ ಎತ್ತಿ ಅನ್ನದ ಜೊತೆ ತಿನ್ನುತ್ತಿದ್ದಳು. ಉಳಿದ ಮೂವರೂ ಕೋಸು ತಿನ್ನುತ್ತಿದ್ದರು.

ಚಿಯೋಳ ಕಡ್ಡಿಗಳು ನಿಂತವು. ಅವಳು ಸೊಸೆಯ ಬಗ್ಗಿದ ತಲೆಯನ್ನು ನೋಡುತ್ತಿದ್ದಳು.

"ಒಬ್ಬಳೇ ಅದನ್ನ ತಿನ್ಬೇಡ," ಎಂದಳು.

"ಪರವಾಗಿಲ್ಲ ಅತ್ತೆ, ನನಗೆ ಇಷ್ಟ."

"ನನ್ನ ಕಣ್ಣೆದುರಿಗೆ ಬೇಡ. ಇಲ್ಲಿ ಕೊಡು."

ಅವಳೇ ಕೈ ಚಾಚಿ ತಟ್ಟೆ ಎಳೆದುಕೊಂಡಳು. ಮಗನ ಬಟ್ಟಲಿಗೆ ಒಂದಿಷ್ಟು ಹಾಕಿದಳು. ಅವನು ಮುಖ ಸಿಂಡರಿಸಿದಾಗ "ತಿನ್ನು" ಎಂದಳು. ಮೊಮ್ಮಗಳ ಬಟ್ಟಲಿಗೆ ಹಾಕಿದಳು. ಸೊಸೆಯ ಬಟ್ಟಲಿಗೆ ಸೊಪ್ಪು ಹಾಕಿ, ಅದರ ಮೇಲೆ ಕೋಸು ಹಾಕಿದಳು. ತಳದಲ್ಲಿ ಉಳಿದಿದ್ದನ್ನು ತನ್ನ ಬಟ್ಟಲಿಗೆ ಸುರಿದುಕೊಂಡು, ಎಲ್ಲರೂ ಬಾಯಿಗೆ ಇಡುವ ತನಕ ಕಾದು, ಆಮೇಲೆ ತಾನೂ ತಿಂದಳು.